ಬಚ್ಚಲುಮನೆಯ ಮೂಲ ಕರಡು

ಠಸ್ಸೆರಾಯರು ಎಂಬುದು ಅವರ ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ದೊಡ್ಡವರು ಬಿಟ್ಟುಹೋದ ಹಳೆಯ ಕಾಗದಗಳನ್ನು ಗೆದ್ದಲಿಗೆ ಸಿಗದ ಹಾಗೆ ಕಾಪಾಡುವ ಸರ್ಕಾರಿ ಕಚೇರಿಗೆ ಪತ್ರಾಗಾರ ಎಂದು ಹೆಸರು. ಅಲ್ಲಿಗೆ ಬಂದ ಪ್ರತಿಯೊಂದು ಹಾಳೆಯ ಬೆನ್ನಿಗೂ ರಬ್ಬರ್ ಠಸ್ಸೆ ಒತ್ತಿ ನಂಬರು ಬರೆಯುವುದು ಅವರ ಕೆಲಸ. ಠಸ್ಸೆ ಎತ್ತುವಾಗ ಉಸಿರು ಬಿಗಿಹಿಡಿಯುವರು, ಒತ್ತಿದ ಮೇಲೆ ಬಿಡುವರು. ಇದನ್ನು ನೋಡಿ ನೋಡಿ ಸಹೋದ್ಯೋಗಿಗಳು ಇಟ್ಟ ಹೆಸರು ನಿಧಾನವಾಗಿ ಅವರ ಮನೆಯವರೆಗೂ ನಡೆದುಕೊಂಡು ಹೋಯಿತು. ಈಗ ಹಾಲಿನವನೂ ಹಾಗೆಯೇ ಕರೆಯುತ್ತಾನೆ.

ಠಸ್ಸೆ ಎಂದರೆ ಸಣ್ಣ ವಿಷಯ ಎಂದು ಯಾರೂ ತಿಳಿಯಬಾರದು. ಪತ್ರಾಗಾರದ ನಿಯಮದ ಪ್ರಕಾರ ಠಸ್ಸೆ ಬಿದ್ದ ಕ್ಷಣದಿಂದ ಕಾಗದ ಸರ್ಕಾರದ್ದು. ಅದನ್ನು ಹೊರಗೆ ಒಯ್ದರೆ ಕಳ್ಳತನ, ಹರಿದರೆ ಜೈಲು. ಬಾಗಿಲಲ್ಲಿ ಕೂತ ಕಾವಲುಗಾರ ಹೊರಗೆ ಹೋಗುವ ಪ್ರತಿಯೊಂದು ಚೀಲವನ್ನೂ, ಊಟದ ಡಬ್ಬಿಯನ್ನೂ ಬಿಚ್ಚಿ ನೋಡಿಯೇ ಬಿಡುವುದು.

ಆ ವರ್ಷ ಸಂವಿಧಾನದ ವಿಷಯದಲ್ಲಿ ಹೆಸರಾಂತ ವಕೀಲರೊಬ್ಬರ ಖಾಸಗಿ ಕಾಗದಪತ್ರಗಳು ಲಾರಿ ತುಂಬ ಬಂದು ಇಳಿದವು. ವಕೀಲರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮಗಳು, ಈಗ ಆಕೆಯೂ ಕೋಲೂರಿ ನಡೆಯುವ ಅಜ್ಜಿ, ಮನೆಯ ಅಟ್ಟ ಖಾಲಿ ಮಾಡಿ ಎಲ್ಲವನ್ನೂ ಕೊಟ್ಟುಬಿಟ್ಟಿದ್ದರು. ವಾದದ ಕರಡುಗಳು, ಮಂತ್ರಿಗಳಿಗೆ ಬರೆದ ನಯವಾದ ಬೈಗುಳಗಳು, ಹಲ್ಲುನೋವಿನ ಔಷಧದ ಚೀಟಿ, ಕರಿಕೋಟು ಬಿಗಿಯಾಯಿತೆಂದು ದರ್ಜಿಗೆ ಬರೆದ ಖಡಕ್ ನೋಟಿಸು, ಎಲ್ಲ ಇದ್ದವು.

ಇವುಗಳಿಗೆ ಠಸ್ಸೆ ಒತ್ತುತ್ತ ಒತ್ತುತ್ತ ನಮ್ಮ ರಾಯರು ಒಂದೊಂದು ಸಾಲು ಓದತೊಡಗಿದರು. ಅನಾಹುತ ಶುರುವಾದದ್ದೇ ಅಲ್ಲಿ. ಮೊದಲು ವಕೀಲರ ಅಕ್ಷರ ಅವರ ಕೈಗೆ ಹತ್ತಿತು. ಸಾಲಿನ ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆದು ಕೊಕ್ಕೆ ಹಾಕುವುದು ವಕೀಲರ ರೂಢಿ. ರಾಯರು ಧೋಬಿ ಲೆಕ್ಕಕ್ಕೂ ಕೊಕ್ಕೆ ಹಾಕತೊಡಗಿದರು. ಆಮೇಲೆ ಭಾಷೆ ಹತ್ತಿತು. ಹೆಂಡತಿ ಸೊಪ್ಪು ತನ್ನಿ ಎಂದರೆ, "ಅದು ನನ್ನ ಅಧಿಕಾರ ವ್ಯಾಪ್ತಿಗೆ ಬರುತ್ತೋ ಇಲ್ಲವೋ ನೋಡ್ಬೇಕು" ಎನ್ನುವರು.

"ಚೀಲ ನಿಮ್ಮ ಕೈಲೇ ಇದೆ, ಬರುತ್ತೆ, ಹೋಗಿ" ಎಂದು ಆಕೆ ಬಾಗಿಲು ಹಾಕಿಕೊಳ್ಳುವಳು.

ಮನೆಯ ಪರಿಸ್ಥಿತಿಯೂ ಒಂದು ಸಂವಿಧಾನವನ್ನು ಬೇಡುವಂತೆಯೇ ಇತ್ತು ಅನ್ನಿ. ಮನೆ ಅತ್ತೆಯದು, ಬಚ್ಚಲು ಒಂದೇ. ಆ ಬಚ್ಚಲನ್ನು ಬೆಳಗಾಗುತ್ತಲೇ ಹೆಂಡತಿಯ ತಮ್ಮ ವಶಪಡಿಸಿಕೊಳ್ಳುತ್ತಿದ್ದ. ಅವನು ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಬಚ್ಚಲ ಗೋಡೆಗೆ ತಾಗಿ ತಿರುಗಿ ಬರುವ ನಾದ ಊರಿನ ಯಾವ ಸಭಾಂಗಣದಲ್ಲೂ ಸಿಗುವುದಿಲ್ಲ ಎಂಬುದು ಅವನ ಅಭಿಪ್ರಾಯ. ಒಳಗೆ ಸ್ನಾನ ಒಂದು ಪಾಲು, ತುತ್ತೂರಿ ಮೂರು ಪಾಲು. ರಾಯರು ಹೊರಗೆ ಟವಲು ಹೆಗಲಿಗೇರಿಸಿ ನಿಂತು, ಕೊನೆಗೆ ಮುಖ ಮಾತ್ರ ತೊಳೆದುಕೊಂಡು ಕಚೇರಿಗೆ ಓಡಿ, ದಿನಾ ತಡವಾಗಿ ತಲುಪುತ್ತಿದ್ದರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮುಖ್ಯಾಧಿಕಾರಿಗಳು ಒಂದು ದಿನ ಕರೆದು, "ಇನ್ನೊಂದ್ಸಲ ಲೇಟಾದ್ರೆ ಒಳಗೆ ಬರೋ ತೊಂದರೆ ತಗೋಬೇಡಿ. ಹಾಗೇ ಮನೆಗೆ ಹೋಗ್ಬಿಡಿ" ಎಂದು ತಣ್ಣಗೆ ಹೇಳಿದ್ದರು.

ಹೀಗಾಗಿ ರಾಯರು ಲೇಖನಿ ಹಿಡಿದರು. ವಕೀಲರ ಪೆಟ್ಟಿಗೆಗಳಲ್ಲಿ ಬರೆಯದೆ ಉಳಿದ ಹಳದಿ ಹಾಳೆಗಳಿದ್ದವು. ಖಾಲಿ ಹಾಳೆಗೆ ಇತಿಹಾಸವಿಲ್ಲವೆಂದು ಪತ್ರಾಗಾರ ಅವನ್ನು ರದ್ದಿಗೆ ಹಾಕುತ್ತದೆ. ಅವುಗಳಲ್ಲೊಂದನ್ನು ಮನೆಗೆ ತಂದು, ಅದೇ ಕೊಕ್ಕೆಯ ಅಕ್ಷರದಲ್ಲಿ, ಅದೇ ಗತ್ತಿನಲ್ಲಿ ಬರೆದರು:

"ಒಂದೇ ಬಚ್ಚಲನ್ನು ನೆಚ್ಚಿ ಬದುಕುವ ನಾವು ನ್ಯಾಯವಾಗಿ ಒಪ್ಪಿಕೊಂಡದ್ದೇನೆಂದರೆ: ಬಚ್ಚಲು ಎಲ್ಲರದು, ಯಾರೊಬ್ಬರದೂ ಅಲ್ಲ. ಬೆಳಗಿನ ಮೊದಲ ಸರದಿ ದುಡಿಯಲು ಹೊರಗೆ ಹೋಗುವವರದು. ಒಳಗಿರುವವರು ಹೊರಗಿರುವವರನ್ನು ಮರೆಯತಕ್ಕದ್ದಲ್ಲ. ಬಚ್ಚಲಿನಿಂದ ನೀರಿನದಲ್ಲದೆ ಬೇರೆ ಯಾವ ಸದ್ದೂ ಹೊರಡತಕ್ಕದ್ದಲ್ಲ. ತಕರಾರು ಬಂದಲ್ಲಿ ಹಿರಿಯರ ಮಾತೇ ಕೊನೆ."

ಕೊನೆಯ ಸಾಲನ್ನು ಕೇಳಿ ಅತ್ತೆಯವರ ಮುಖ ಅರಳಿತು. ಮೇಲಾಗಿ ಅಂದು ಬೆಳಿಗ್ಗೆ ಮಗನ ತುತ್ತೂರಿಗೆ ಬೆಚ್ಚಿ ಅವರು ಹಾಲಿನ ಪಾತ್ರೆ ಉರುಳಿಸಿದ್ದರು. "ಈ ಮನೇಲಿ ಈಗಲಾದ್ರೂ ಒಬ್ಬರಿಗೆ ಬುದ್ಧಿ ಬಂತು" ಎಂದು, ಹಾಳೆಯ ಕೆಳಗೆ ತಮ್ಮ ರುಜು ಹಾಕಿಯೇಬಿಟ್ಟರು. ಅವರ ರುಜು ಹುಳ ಮಸಿಯಲ್ಲಿ ಬಿದ್ದು ಎದ್ದು ಓಡಿದಂತಿರುತ್ತಿತ್ತು, ಆದರೆ ಬ್ಯಾಂಕಿನವರು ಸಹ ಅದಕ್ಕೆ ಹೆದರುತ್ತಿದ್ದರು. ತುತ್ತೂರಿಯವನು ಮುಖ ಊದಿಸಿಕೊಂಡು ಕೂತ.

ಮರುದಿನ ರಾಯರು ಮೊಟ್ಟಮೊದಲು ಸ್ನಾನ ಮಾಡಿ, ಮೈಯಿಂದ ಸೋಪಿನ ವಾಸನೆ ಬೀರುತ್ತ, ಹೊತ್ತಿಗೆ ಮುಂಚೆ ಕಚೇರಿಗೆ ಬಂದರು. ಆನಂದ ತಡೆಯಲಾರದೆ ಕಾಗದವನ್ನೂ ತಂದಿದ್ದರು. ಕಾವಲುಗಾರನಿಗೆ ತೋರಿಸಿದರು, ಧೂಳು ಹೊಡೆಯುವವಳಿಗೆ ಓದಿ ಹೇಳಿದರು, ಆಮೇಲೆ ಆಗಾಗ ನೋಡಿಕೊಳ್ಳಲು ಆಗಲೆಂದು ಮೇಜಿನ ಮೇಲೆಯೇ ಇಟ್ಟುಕೊಂಡರು. ಅಷ್ಟರಲ್ಲಿ ಮುಖ್ಯಾಧಿಕಾರಿಗಳು ಬಾಗಿಲಲ್ಲಿ ಕಾಣಿಸಿಕೊಂಡು, "ವಕೀಲರ ಬಗ್ಗೆ ಪುಸ್ತಕ ಬರೀತಿರೋ ಪ್ರೊಫೆಸರು ಬಂದು ಕೂತಿದ್ದಾರೆ. ಆ ಕಟ್ಟು ಬೇಗ ಮುಗಿಸಿ ಕಳಿಸಿ" ಎಂದರು.

ರಾಯರ ಕೈಗೆ ಆ ದಿನ ರೆಕ್ಕೆ ಬಂದಿತ್ತು. ಉಸಿರು ಹಿಡಿ, ಠಸ್ಸೆ ಒತ್ತು, ನಂಬರು ಬರೆ, ಉಸಿರು ಬಿಡು. ಮೇಜಿನ ಮೇಲಿದ್ದ ಹಳದಿ ಹಾಳೆಗಳೆಲ್ಲ ಮಿಂಚಿನ ವೇಗದಲ್ಲಿ ಸರ್ಕಾರದ್ದಾದವು. ಕಟ್ಟು ವಾಚನಾಲಯಕ್ಕೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಓದಿಕೊಳ್ಳೋಣವೆಂದು ಕೈ ಚಾಚಿದರೆ ಮೇಜು ಬೋಳು. ರಾಯರು ಎದ್ದು ಓಡಿದರು.

ಅವರು ವಾಚನಾಲಯದ ಬಾಗಿಲು ತಲುಪುವುದಕ್ಕೂ, ಒಳಗಿದ್ದ ಪ್ರೊಫೆಸರರು ಕುರ್ಚಿ ಕೆಡವಿಕೊಂಡು ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಕೆಮ್ಮುವುದಕ್ಕೂ ಅಂಜುವ ಆ ಕೋಣೆಯಲ್ಲಿ ಪ್ರೊಫೆಸರರು ಕೂಗಿದರು:

"ಸಿಕ್ತು ರೀ. ಜೀವಮಾನ ಪೂರ್ತಿ ಹುಡುಕ್ತಿದ್ದದ್ದು ಸಿಕ್ಕೇಬಿಡ್ತು."

ಮುಖ್ಯಾಧಿಕಾರಿಗಳು ಓಡಿಬಂದರು. ಓದುತ್ತಿದ್ದವರೆಲ್ಲ ಸುತ್ತ ಮುತ್ತಿದರು. ಪ್ರೊಫೆಸರರು ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇದು ವಕೀಲರು ಎಲ್ಲೂ ಪ್ರಕಟಿಸದ ಕರಡು. ದೇಶವನ್ನ ಒಂದು ಬಚ್ಚಲಿಗೆ ಹೋಲಿಸಿದ್ದಾರೆ. ಎಂಥಾ ಧೈರ್ಯ ನೋಡಿ. ಒಳಗಿರುವವರು ಅಂದ್ರೆ ಯಾರು? ಅಧಿಕಾರದಲ್ಲಿ ಇರೋರು. ಹೊರಗಿರುವವರು? ಪ್ರಜೆಗಳು. ನೀರಿನದಲ್ಲದೆ ಬೇರೆ ಸದ್ದು ಹೊರಡಬಾರದು ಅಂದ್ರೆ, ನ್ಯಾಯಾಲಯ ತನ್ನ ಕೆಲಸ ಬಿಟ್ಟು ಬೇರೆ ಮಾತಾಡಬಾರದು ಅಂತ."

ರಾಯರು ಎರಡು ಸಲ ಗಂಟಲು ಸರಿಮಾಡಿಕೊಂಡರು. "ಸಾರ್, ಒಂದು ವೇಳೆ ಬಚ್ಚಲು ಅಂದ್ರೆ ಬಚ್ಚಲೇ ಆಗಿದ್ರೆ?"

ಪ್ರೊಫೆಸರರು ಕನ್ನಡಕದ ಮೇಲಿಂದ ಅವರನ್ನು ನೋಡಿದರು. "ನೀವೇನು ಕೆಲಸ ಮಾಡೋದು ಇಲ್ಲಿ?"

"ಠಸ್ಸೆ ಒತ್ತೋದು ಸಾರ್."

"ಅದನ್ನ ಚೆನ್ನಾಗಿ ಮಾಡ್ತಿದ್ದೀರಿ" ಎಂದು ಪ್ರೊಫೆಸರರು ಹಾಳೆ ತಿರುಗಿಸಿ ತೋರಿಸಿದರು. ಬೆನ್ನಿನ ಮೇಲೆ ಠಸ್ಸೆ ನೆಟ್ಟಗೆ, ಒಂದಿಷ್ಟೂ ಹರಡದೆ ಬಿದ್ದಿತ್ತು. ರಾಯರಿಗೆ ಆ ಗಳಿಗೆಯಲ್ಲೂ ಒಂದು ಚೂರು ಹೆಮ್ಮೆಯಾಯಿತು ಎಂದರೆ ಅವರ ಸ್ವಭಾವ ನಿಮಗೆ ತಿಳಿದೀತು. ಆಮೇಲೆ ಭಯವಾಯಿತು. ಖಾಸಗಿ ಕಾಗದವನ್ನು ಸರ್ಕಾರಿ ದಾಖಲೆಗೆ ಸೇರಿಸಿದ್ದೇನೆ ಎಂದರೆ ನೌಕರಿ ಹೋಗುತ್ತದೆ. ಸುಮ್ಮನಿದ್ದರೆ ಕಾಗದ ಹೋಗುತ್ತದೆ. ಕಾಗದ ಹೋದರೆ ಮೊದಲ ಸರದಿ, ಅದು ಹೋದರೆ ಮತ್ತೆ ತಡ, ತಡವಾದರೆ ಮತ್ತೆ ಅದೇ ನೌಕರಿ. ಯಾವ ಕಡೆಯಿಂದ ಹೊರಟರೂ ರಾಯರು ಬಂದು ನಿಲ್ಲುತ್ತಿದ್ದದ್ದು ಬೀದಿಯಲ್ಲೇ.

ಸಂಜೆ ಮನೆಗೆ ಬಂದರೆ ಭಾವಮೈದುನ ತುತ್ತೂರಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದ. "ಭಾವ, ಕಾಗದ ಕೊಡಿ ಸ್ವಲ್ಪ. ಅದರಲ್ಲಿ ಯಾವ ಸದ್ದು ಅಂತ ಬರೆದಿದ್ದೀರಿ ನೋಡ್ಬೇಕು."

"ಅದು ಭದ್ರವಾಗಿದೆ" ಎಂದರು ರಾಯರು. ಸುಳ್ಳೇನೂ ಅಲ್ಲ. ಕಬ್ಬಿಣದ ಬೀರುವಿನಲ್ಲಿ, ಬೆಂಕಿಗೂ ನೀರಿಗೂ ಜಗ್ಗದ ಕೋಣೆಯಲ್ಲಿ ಇತ್ತು.

"ಭದ್ರವಾಗಿದ್ರೆ ತೋರ್ಸಿ. ಇಲ್ಲ ಅಂದ್ರೆ ಅಂಥಾ ಕಾಗದ ಇಲ್ಲ ಅಂತಲೇ ಲೆಕ್ಕ."

"ಇನ್ನೊಂದು ಬರೆದು ಕೊಡ್ತೀನಿ, ಅತ್ತೆ ಇನ್ನೊಂದ್ಸಲ ರುಜು ಹಾಕ್ತಾರೆ."

ಅತ್ತೆ ಒಳಗಿನಿಂದಲೇ ಹೇಳಿದರು: "ನಾನು ಒಂದು ಕೆಲಸಕ್ಕೆ ಒಂದೇ ರುಜು ಹಾಕೋದು ಅಳಿಯಂದಿರೇ. ಕಳೆದ್ಹಾಕಿಕೊಂಡರೆ ಅದು ನಿಮ್ಮ ಹಣೆಬರಹ. ಇವತ್ತು ಹಾಲೂ ಉರುಳಿಲ್ಲ."

ಮರುದಿನ ಬೆಳಿಗ್ಗೆ ತುತ್ತೂರಿ ಹಿಂದೆಂದಿಗಿಂತ ಜೋರಾಗಿ ಮೊಳಗಿತು. ರಾಯರು ಓಡೋಡಿ ಕಚೇರಿ ತಲುಪಿದಾಗ ಮುಖ್ಯಾಧಿಕಾರಿಗಳು ಮೆಟ್ಟಿಲ ಮೇಲೆಯೇ ನಿಂತಿದ್ದರು. ರಾಯರು ಹಾಗೆಯೇ ಮನೆಯ ಕಡೆ ತಿರುಗಿದರು. ಆದರೆ ಸಾಹೇಬರು ನಿಂತಿದ್ದದ್ದು ಪತ್ರಿಕೆಯ ಫೋಟೋದವನಿಗಾಗಿ. "ನೀವು ಲೇಟು. ಅದನ್ನ ಈ ಗಲಾಟೆ ಮುಗಿದ ಮೇಲೆ ನೋಡ್ಕೋತೀನಿ" ಎಂದು ಕೈಯಾಡಿಸಿ ಒಳಗೆ ಬಿಟ್ಟರು.

ಗಲಾಟೆ ಮುಗಿಯುವ ಲಕ್ಷಣ ಕಾಣಲಿಲ್ಲ. ಪತ್ರಿಕೆಯಲ್ಲಿ ಹಾಳೆಯ ಫೋಟೋ ಬಂತು. ಹಾಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಭೆ ಮಾಡುವುದೆಂದಾಯಿತು. ಪ್ರೊಫೆಸರರು ಉಪನ್ಯಾಸ ಬರೆದು ಅಚ್ಚಿಗೂ ಕೊಟ್ಟರು. ಬಚ್ಚಲಿನಲ್ಲಿ ಮೊದಲ ಸರದಿ ದುಡಿಯುವವರಿಗೆ ಎಂಬ ಮಾತನ್ನು ಕಾರ್ಮಿಕ ಸಂಘದವರು ಬಟ್ಟೆಯ ಮೇಲೆ ಬರೆಸಿ ಮೆರವಣಿಗೆಯಲ್ಲಿ ಹಿಡಿದರು. ಹಿರಿಯರ ಮಾತೇ ಕೊನೆ ಎಂಬುದನ್ನು ನಿವೃತ್ತರ ಸಂಘದವರು ತಮ್ಮ ಬಾಗಿಲಿಗೆ ಅಂಟಿಸಿಕೊಂಡರು. ಎರಡು ಸಂಘಗಳೂ ಒಂದೇ ಬೀದಿಯಲ್ಲಿ ಎದುರಾದಾಗ ಸ್ವಲ್ಪ ತಳ್ಳಾಟವೂ ನಡೆಯಿತಂತೆ. ತಮ್ಮ ಸಾಲುಗಳಿಗಾಗಿ ಜನ ತಳ್ಳಾಡುವುದನ್ನು ಕಿಟಕಿಯಿಂದ ನೋಡಿ ರಾಯರಿಗೆ ಮೈ ಜುಮ್ಮೆಂದಿತು. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆಯಷ್ಟೇ ಖುಷಿಯೂ ಆಗುತ್ತಿತ್ತು, ಎರಡರಲ್ಲಿ ಯಾವುದು ಯಾವಾಗ ಎಂದು ಅವರಿಗೇ ಹಿಡಿತ ತಪ್ಪಿತ್ತು.

ಸಭೆಯ ದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ಪತ್ರಿಕೆ ಹಿಡಿದುಕೊಂಡು ಅತ್ತೆಯವರ ಬಳಿ ಬಂದಳು. "ನೋಡಿದ್ರಾ, ನಿಮ್ಮ ಅಳಿಯಂದಿರ ಕಚೇರಿ ಸುದ್ದಿ ಬಂದಿದೆ. ಯಾವುದೋ ಬಚ್ಚಲಿನ ಕಾಗದವಂತೆ. ಕೆಳಗಿರೋ ರುಜು ಆ ಕಾಲದ ಯಾರೋ ಮಂತ್ರಿಯದಂತೆ. ಮನುಷ್ಯ ಕುಡಿದು ಹಾಕಿರಬೇಕು ಅಂತ ಪ್ರೊಫೆಸರು ಬರೆದಿದ್ದಾರೆ."

ಅತ್ತೆಯವರು ಕನ್ನಡಕ ತರಿಸಿ ಹಾಕಿಕೊಂಡರು. ಫೋಟೋ ನೋಡಿದರು. ಪತ್ರಿಕೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಆಮೇಲೆ ಅವರು ಮಗಳನ್ನು ಕರೆದ ದನಿಗೆ ಬಚ್ಚಲೊಳಗಿನ ತುತ್ತೂರಿ ತಾನಾಗಿ ನಿಂತಿತು.

"ನನ್ನ ರುಜೂಗೆ ಕುಡುಕನ ರುಜು ಅಂದವನು ಯಾರು? ನಡೀರಿ ಎಲ್ಲರೂ."

ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ವಕೀಲರ ಮಗಳು ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು. ರಾಯರು ಗಾಜಿನ ಪೆಟ್ಟಿಗೆಯ ಪಕ್ಕ ಕಾವಲಿಗೆ ನಿಂತಿದ್ದರು. ಪ್ರೊಫೆಸರರು "ಬಚ್ಚಲು ಎಲ್ಲರದು" ಎಂಬ ಸಾಲನ್ನು ನಡುಗುವ ದನಿಯಲ್ಲಿ ಓದಿದಾಗ ಹಿಂದಿನ ಸಾಲುಗಳಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಸರಿಯಾಗಿ ಆಗಲೇ ಬಾಗಿಲು ತೆರೆದು ಅತ್ತೆ, ಅವರ ಹಿಂದೆ ಮಗಳು, ಅವಳ ಹಿಂದೆ ಟವಲು ಸುತ್ತಿದ ತಲೆಯ ಭಾವಮೈದುನ, ಕೊನೆಯಲ್ಲಿ ಪಕ್ಕದ ಮನೆಯಾಕೆ ಒಳಗೆ ಬಂದರು. ನೆಲ ಬಿರಿದು ನುಂಗಬಾರದೇ ಎಂದು ರಾಯರು ಕಾಲ ಕೆಳಗೆ ನೋಡಿಕೊಂಡರು. ಸರ್ಕಾರಿ ನೆಲ, ಗಟ್ಟಿಯಾಗಿತ್ತು.

"ಇದು ನಮ್ಮನೆ ಬಚ್ಚಲು" ಎಂದರು ಅತ್ತೆ, ವೇದಿಕೆಯ ಕೆಳಗೆ ಬಂದು ನಿಂತು. "ರುಜು ನಂದು. ಬರೆದದ್ದು ಅಗೋ, ಪೆಟ್ಟಿಗೆ ಪಕ್ಕ ಕಂಬದ ಹಾಗೆ ನಿಂತಿದ್ದಾರಲ್ಲ, ನಮ್ಮ ಅಳಿಯಂದಿರು."

ಮುಖ್ಯಾಧಿಕಾರಿಗಳು ಬಿಳುಚಿಕೊಂಡು ಎದ್ದರು. "ಅಮ್ಮಾ, ಇದು ರಾಷ್ಟ್ರೀಯ ಮಹತ್ವದ ದಾಖಲೆ. ರುಜು ನಿಮ್ಮದು ಅನ್ನೋಕೆ ಏನು ಆಧಾರ?"

ಅತ್ತೆ ಪ್ರೊಫೆಸರರ ಕೈಯಿಂದ ಅಚ್ಚಾದ ಉಪನ್ಯಾಸವನ್ನು ಕಿತ್ತುಕೊಂಡು, ಅವರದೇ ಜೇಬಿನ ಪೆನ್ನು ತೆಗೆದುಕೊಂಡು, ಮೊದಲ ಪುಟಕ್ಕೆ ಅಡ್ಡಡ್ಡ ರುಜು ಎಳೆದು ಎತ್ತಿ ಹಿಡಿದರು. ಗಾಜಿನೊಳಗಿನ ಹುಳವೂ ಕಾಗದದ ಮೇಲಿನ ಹುಳವೂ ಅವಳಿಜವಳಿಯಂತಿದ್ದವು. ಸಭೆಯಲ್ಲಿ ಗುಸುಗುಸು ಎದ್ದಿತು. ಪ್ರೊಫೆಸರರು ಕೂತುಬಿಟ್ಟರು, ಆದರೆ ಕುರ್ಚಿ ಸ್ವಲ್ಪ ಆಚೆಗಿತ್ತು. ಇಬ್ಬರು ಸೇರಿ ಎಬ್ಬಿಸಬೇಕಾಯಿತು.

"ನಿಜವೇನ್ರೀ?" ಎಂದು ಮುಖ್ಯಾಧಿಕಾರಿಗಳು ರಾಯರ ಕಡೆ ತಿರುಗಿದರು.

ರಾಯರಿಗೆ ಬಾಯಿ ತೆರೆದರೆ ನೌಕರಿ ಹೋಗುತ್ತದೆಂದು ಗೊತ್ತಿತ್ತು. ಆದರೂ ಇಷ್ಟು ಜನರೆದುರು ತಮ್ಮ ಬರಹ ತಮ್ಮದೆಂದು ಹೇಳುವ ಸುಖ ಅದಕ್ಕಿಂತ ದೊಡ್ಡದಾಗಿ ಕಂಡಿತು. "ನಿಜ ಸಾರ್. ಪ್ರತಿ ಅಕ್ಷರವೂ ನಂದೇ. ಅಕ್ಷರದ ಕೊಕ್ಕೆ ಮಾತ್ರ ವಕೀಲರದು. ಬೆಳಗ್ಗೆ ಬಚ್ಚಲು ಸಿಗದೆ ಲೇಟಾಗ್ತಿತ್ತು, ಅದಕ್ಕೆ ಬರೆದೆ. ಠಸ್ಸೆ ಗಡಿಬಿಡೀಲಿ ಬಿತ್ತು."

ಯಾರೋ ನಕ್ಕರು. ಇನ್ನಾರೋ ಬೈದರು. ಆಗ ಮುಂದಿನ ಸಾಲಿನಿಂದ ಕೋಲು ನೆಲಕ್ಕೆ ತಟ್ಟಿದ ಸದ್ದಾಯಿತು. ವಕೀಲರ ಮಗಳು ಮೆಲ್ಲಗೆ ಎದ್ದು ಗಾಜಿನ ಪೆಟ್ಟಿಗೆಯ ಹತ್ತಿರ ಬಂದರು.

"ನಂಗೆ ಮೊದಲೇ ಅನುಮಾನ ಇತ್ತು" ಎಂದರು. "ಅಪ್ಪ ದೇಶಕ್ಕೆಲ್ಲ ಹಕ್ಕು ಕೊಡಿಸಿದ್ರು, ಸರಿ. ಮನೇಲಿ ಮಾತ್ರ ಬೆಳಗ್ಗೆ ಕಡತ ಹಿಡ್ಕೊಂಡು ಬಚ್ಚಲಿಗೆ ಹೋದ್ರೆ ಬಿಸಿನೀರು ತಣ್ಣಗಾಗೋವರೆಗೂ ಆಚೆ ಬರ್ತಿರಲಿಲ್ಲ. ಅಮ್ಮ ಬಾಗಿಲ ಮುಂದೆ ಕಾಯ್ತಾ ನಿಂತಿರೋಳು. ಒಂದು ದಿನವೂ ಬಾಗಿಲು ತಟ್ಟಲಿಲ್ಲ. ಒಳಗಿರುವವರು ಹೊರಗಿರುವವರನ್ನು ಮರೀಬಾರದು ಅನ್ನೋ ಸಾಲನ್ನ ಪತ್ರಿಕೇಲಿ ಓದಿದಾಗ, ಅಪ್ಪಂಗೆ ಕೊನೆಗಾದ್ರೂ ಅಮ್ಮನ ನೆನಪಾಯ್ತಲ್ಲ ಅಂತ ಅತ್ತುಬಿಟ್ಟೆ."

ರಾಯರಿಗೆ ಮೊದಲ ಬಾರಿಗೆ ತಾವು ಮಾಡಿದ್ದು ತಪ್ಪೆನಿಸಿತು. "ಕ್ಷಮಿಸಿ ಅಮ್ಮಾ" ಎಂದರು.

"ಯಾಕೆ? ಚೆನ್ನಾಗೇ ಬರೆದಿದ್ದೀರಿ" ಎಂದು ಆಕೆ ಮುಖ್ಯಾಧಿಕಾರಿಗಳತ್ತ ತಿರುಗಿದರು. "ಇದು ಅಪ್ಪನ ಪೆಟ್ಟಿಗೇಲೇ ಇರಲಿ. ಪಟ್ಟೀಲಿ ಹೀಗೆ ಬರೀರಿ: ವಕೀಲರು ಬರೆಯಬೇಕಾಗಿತ್ತು, ಬರೆಯಲಿಲ್ಲ."

ಠಸ್ಸೆ ಬಿದ್ದ ಕಾಗದವನ್ನು ಹೊರಗೆ ಹಾಕಲು ಹೇಗೂ ನಿಯಮವಿರಲಿಲ್ಲ. ಹಾಗೆಯೇ ಆಯಿತು. ಅತ್ತೆಯವರು ಹೋಗಿ ವಕೀಲರ ಮಗಳ ಪಕ್ಕದ ಕುರ್ಚಿಯಲ್ಲಿ ಕೂತು, ಇಬ್ಬರೂ ಸಭೆ ಮುಗಿಯುವವರೆಗೆ ಬಚ್ಚಲುಗಳ ಬಗ್ಗೆ ಮಾತಾಡಿದರು. ಏಳುವಾಗ ಅತ್ತೆ ಮಗನನ್ನು ಕರೆದು, "ನಾಳೆಯಿಂದ ಮೊದಲ ಸರದಿ ಅಳಿಯಂದಿರದು. ನಿನ್ನ ತುತ್ತೂರಿ ತಾರಸಿ ಮೇಲೆ" ಎಂದರು. ಆ ತಾರಸಿಗೆ ತಾಗಿಯೇ ಕಿಟಕಿಯಿದ್ದ ಪಕ್ಕದ ಮನೆಯಾಕೆಯ ಮುಖ ಹುಳ್ಳಗಾಯಿತು.

ಮರುದಿನ ರಾಯರು ಬೆಳಕು ಹರಿಯುತ್ತಲೇ ಮಿಂದು, ಕಾವಲುಗಾರನಿಗಿಂತ ಮುಂಚೆ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಆದರೆ ಒಳಗೆ ಮೇಜಿನ ಮೇಲೆ ಅವರಿಗಾಗಿ ಚೀಟಿ ಕಾದಿತ್ತು: ಬಂದ ಕೂಡಲೇ ಮುಖ್ಯಾಧಿಕಾರಿಗಳನ್ನು ಕಾಣತಕ್ಕದ್ದು. ರಾಯರು ಡ್ರಾಯರಿನಲ್ಲಿದ್ದ ತಮ್ಮ ಬಾಚಣಿಗೆ, ಪೆನ್ನು, ಒರೆಸುವ ಬಟ್ಟೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡರು. ಹೊತ್ತಿಗೆ ಸರಿಯಾಗಿ ಬಂದ ದಿನವೇ ನೌಕರಿ ಹೋಗುವುದು ತಮ್ಮಂಥವರಿಗೆ ಮಾತ್ರ ಸಾಧ್ಯ ಎಂದುಕೊಂಡು ಒಳಗೆ ಹೋದರು.

ಸಾಹೇಬರು ತಲೆಯೆತ್ತದೆ, "ಬಾಗಿಲು ಹಾಕಿ" ಎಂದರು. ರಾಯರು ಹಾಕಿದರು. "ಚಿಲಕವನ್ನೂ." ಅದನ್ನೂ ಹಾಕಿದರು. ಸಾಹೇಬರು ಒಂದು ಬಿಳಿ ಹಾಳೆಯನ್ನು ಮೇಜಿನ ಮೇಲೆ ಅವರತ್ತ ತಳ್ಳಿದರು.

"ಬರೀರಿ."

ರಾಯರ ಕಣ್ಣು ತುಂಬಿ ಬಂತು. "ರಾಜೀನಾಮೆ ಕಾರಣ ಏನಂತ ಬರೀಲಿ ಸಾರ್?"

"ಯಾರ ರಾಜೀನಾಮೆ? ಕೂತ್ಕೊಳ್ರೀ" ಎಂದು ಸಾಹೇಬರು ಕುರ್ಚಿ ಹತ್ತಿರಕ್ಕೆಳೆದು ದನಿ ತಗ್ಗಿಸಿದರು. "ನಮ್ಮನೇಲೂ ಒಂದೇ ಬಚ್ಚಲು. ನಾನು, ನನ್ನ ಹೆಂಡತಿ, ಅವಳ ತಂಗಿಯರು, ನಮ್ಮ ಮಾವ. ನಾನು ಸ್ನಾನ ಮಾಡೋದು ಭಾನುವಾರ ಮಾತ್ರ, ಅದೂ ಮಧ್ಯಾಹ್ನ. ಮೊದಲ ಸರದಿ ಮನೆ ಯಜಮಾನನದು ಅಂತ ಸ್ಪಷ್ಟವಾಗಿ ಬರಬೇಕು."

ರಾಯರು ಚೀಲ ಕೆಳಗಿಟ್ಟು, ತೋಳು ಮಡಚಿ, ಪೆನ್ನಿನ ಮುಚ್ಚಳ ತೆಗೆದರು. ಜೀವ ಮರಳಿ ಬಂದಿತ್ತು. "ಬರೀತೀನಿ ಸಾರ್. ಆದ್ರೆ ಇದು ಯಾರು ಬರೆದದ್ದು ಅಂತ ಅಮ್ಮಾವ್ರು ಕೇಳಿದ್ರೆ?"

ಸಾಹೇಬರು ಎದ್ದು ಹೋಗಿ ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಂದರು.

"ಆ ಕೊಕ್ಕೆ ಅಕ್ಷರದಲ್ಲೇ ಬರೀರಿ" ಎಂದರು. "ವಕೀಲರ ಕಾಗದಗಳಲ್ಲಿ ಸಿಕ್ತು ಅಂತ ಹೇಳ್ತೀನಿ."